ಹಿಂದಿನ ಗಾಲಿ ಮೊದಲು ಕಚ್ಚಿದರೆ

ಭಾಲ್ಕಿಯ ವಾಚಕರೊಬ್ಬರು ಬರೆಯುತ್ತಾರೆ: “ನಮ್ಮ ಮನೆಯಲ್ಲಿ ತಂದೆಯವರ ಕಾಲದ ಅಂಬಾಸಿಡರ್ ಕಾರಿದೆ. ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕು. ಬೀದರಿನಿಂದ ಔರಾದಿಗೆ ಹೋಗುವಾಗ, ಮಳೆ ಬಿದ್ದ ರಸ್ತೆಯಲ್ಲಿ ಬ್ರೇಕನ್ನು ಕೊಂಚ ಬಲವಾಗಿ ಒತ್ತಿದರೆ ಕಾರಿನ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಹಿಂದಿನ ಬ್ರೇಕು ಹೆಚ್ಚಾಗಿದೆಯೆಂದು ಮಿಸ್ತ್ರಿಯೊಬ್ಬರು ಹಿಂದಿನ ಶೂಗಳನ್ನು ಸಡಿಲಿಸಿಕೊಟ್ಟರು. ಪೆಡಲು ಆಳಕ್ಕೆ ಇಳಿಯತೊಡಗಿತೇ ಹೊರತು ದೋಷ ಹೋಗಲಿಲ್ಲ. ಏನು ಮಾಡಬೇಕು?”

ಮೊದಲನೆಯ ಮಾತು: ಈ ದೋಷ ಪರಿಹಾರವಾಗುವವರೆಗೆ ಆ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಡುವುದು ತರವಲ್ಲ. ಬೀದರ್ ನಗರವಿರುವುದು ಎತ್ತರದ ಕೆಂಪು ನೆಲದ ಮೇಲೆ. ಔರಾದಿಗೆ ಹೋಗುವವರು ಅಲ್ಲಿಂದ ಇಳಿದು ಮಾಂಜ್ರಾ ನದಿಯನ್ನು ದಾಟಬೇಕು. ಕೆಳಗಿನದು ಕಪ್ಪು ಎರೆಭೂಮಿ. ಮಳೆಗಾಲದಲ್ಲಿ ಟ್ರ್ಯಾಕ್ಟರುಗಳ ಗಾಲಿಗಂಟಿದ ಎರೆಮಣ್ಣು ಡಾಂಬರಿನ ಮೇಲೆ ಹರಡಿದರೆ ರಸ್ತೆ ಸಾಬೂನು ಸವರಿದಂತಾಗುತ್ತದೆ. ಇಂಥಲ್ಲಿ ಬ್ರೇಕಿನ ಸಮತೋಲ ತಪ್ಪಿದ ಕಾರು ಎರಡನೆಯ ಅವಕಾಶವನ್ನು ಕೊಡುವುದಿಲ್ಲ.

ಉರುಳುತ್ತಿರುವ ಗಾಲಿಗೆ ರಸ್ತೆಯ ಮೇಲೆ ಅಡ್ಡಲಾಗಿಯೂ ಹಿಡಿತವಿರುತ್ತದೆ. ಕಚ್ಚಿ ನಿಂತ ಗಾಲಿಯಾದರೋ ಎತ್ತ ನೂಕಿದರೆ ಅತ್ತ ಜಾರುವ ಹಲಗೆಯಿದ್ದಂತೆ. ಮುಂದಿನ ಗಾಲಿಗಳು ಮೊದಲು ಕಚ್ಚಿದರೆ ಕಾರು ನೆಟ್ಟಗೆ ಮುಂದೆ ಜಾರುತ್ತದೆ. ಸ್ಟೀರಿಂಗು ಮಾತು ಕೇಳುವುದಿಲ್ಲ. ಆದರೆ ಪೆಡಲನ್ನು ಕೊಂಚ ಬಿಟ್ಟೊಡನೆ ಹಿಡಿತ ಮರಳುತ್ತದೆ. ಹಿಂದಿನವು ಮೊದಲು ಕಚ್ಚಿದರೆ ರಸ್ತೆಯ ಅಲ್ಪ ಓರೆಯೇ ಸಾಕು, ಕಾರಿನ ಬಾಲ ಮುಂದಕ್ಕೆ ಬರಲು ಹವಣಿಸುತ್ತದೆ. ನುರಿತ ಚಾಲಕನಿಗೂ ಅದನ್ನು ಹಿಡಿದು ನಿಲ್ಲಿಸುವುದು ಕಷ್ಟ. ಆದುದರಿಂದಲೇ ಮುಂದಿನ ಗಾಲಿಗಳು ಮೊದಲು ಕಚ್ಚುವಂತೆ ತಯಾರಕರು ಬ್ರೇಕುಗಳನ್ನು ಹೊಂದಿಸಿರುತ್ತಾರೆ.

ಇದರ ಹಿಂದಿನ ಲೆಕ್ಕ ಸರಳವಾದುದು. ಬ್ರೇಕು ಹಾಕಿದಾಗ ಕಾರಿನ ಮೂತಿ ತಗ್ಗುವುದನ್ನು ಎಲ್ಲರೂ ಕಂಡಿದ್ದೇವೆ. ಹಿಂದಿನ ಭಾರದ ಒಂದು ಪಾಲು ಮುಂದಕ್ಕೆ ಸರಿಯುತ್ತದೆ. ಅಂಬಾಸಿಡರಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಅಂತರ ಸುಮಾರು 246 ಸೆಂಟಿಮೀಟರ್. ಜನರೂ ಸೇರಿ ಕಾರಿನ ತೂಕ 1,200 ಕಿಲೋಗ್ರಾಂ, ಅದು ಮುಂದೆ ಹಿಂದೆ ಸಮನಾಗಿ ಹಂಚಿದೆ, ಗುರುತ್ವಕೇಂದ್ರ ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಗಂಟೆಗೆ 50 ಕಿಲೋಮೀಟರ್ ವೇಗದಿಂದ ಸುಮಾರು 16 ಮೀಟರಿನಲ್ಲಿ ನಿಲ್ಲುವಂತೆ ಬ್ರೇಕು ಹಾಕಿದರೆ ಸುಮಾರು 175 ಕಿಲೋಗ್ರಾಂ ಭಾರ ಮುಂದಕ್ಕೆ ಸರಿದು, ಮುಂದೆ 775, ಹಿಂದೆ 425 ಕಿಲೋಗ್ರಾಂ ಆಗುತ್ತದೆ. ಒದ್ದೆ ರಸ್ತೆಯಲ್ಲಿ ಇದರ ಅರ್ಧದಷ್ಟೇ ಬಲವಾಗಿ ನಿಲ್ಲಿಸಬಲ್ಲೆವೆಂದಾದರೆ, ಸರಿಯುವ ಭಾರವೂ ಅರ್ಧ. ಹಿಂದಿನ ಗಾಲಿಗಳ ಮೇಲೆ 510 ಕಿಲೋಗ್ರಾಮಿಗಿಂತ ಹೆಚ್ಚು ಉಳಿಯುತ್ತದೆ.

ಪ್ರಶ್ನೆಗೆ ಉತ್ತರದ ಸುಳಿವು ಇಲ್ಲಿಯೇ ಇದೆ. ಒದ್ದೆ ರಸ್ತೆಯಲ್ಲಿ ಹಿಂದಿನ ಗಾಲಿಗಳು ಹೆಚ್ಚು ಭಾರ ಹೊತ್ತಿರುವುದರಿಂದ, ಅಲ್ಲಿ ಮುಂದಿನವು ಮೊದಲು ಕಚ್ಚುವುದು ಮತ್ತಷ್ಟು ಸಹಜ. ಹಾಗಿದ್ದೂ ಹಿಂದಿನವೇ ಕಚ್ಚುತ್ತಿದ್ದರೆ, ಹಿಂದಿನ ಬ್ರೇಕು ಹೆಚ್ಚಾಗಿದೆ ಎನ್ನುವುದಕ್ಕಿಂತ ಮುಂದಿನ ಬ್ರೇಕು ತನ್ನ ಕೆಲಸ ಮಾಡುತ್ತಿಲ್ಲವೆಂದು ಶಂಕಿಸುವುದೇ ಉಚಿತ. ಮುಂದಿನದು ಸೋಮಾರಿಯಾದರೆ ಚಾಲಕನು ಪೆಡಲನ್ನು ಇನ್ನಷ್ಟು ಒತ್ತುತ್ತಾನೆ. ಆ ಒತ್ತಡವನ್ನೆಲ್ಲ ತಾಳಬೇಕಾದುದು ಹಿಂದಿನದು.

ಶೂ ಸಡಿಲಿಸಿದ್ದರಿಂದ ಗುಣವಾಗದಿದ್ದುದೇಕೆ? ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಬ್ರೇಕ್ ಆಯಿಲಿನ ಒತ್ತಡ, ಕೊಳವೆಗಳು ಸರಿಯಿದ್ದಲ್ಲಿ, ನಾಲ್ಕೂ ಗಾಲಿಗಳಿಗೆ ಒಂದೇ. ಶೂ ದೂರವಿದ್ದರೆ ಡ್ರಮ್ಮನ್ನು ಮುಟ್ಟಲು ಹೆಚ್ಚು ಆಯಿಲು ಬೇಕು, ಪೆಡಲು ಆಳಕ್ಕೆ ಹೋಗಬೇಕು, ಅಷ್ಟೆ. ಮುಟ್ಟಿದ ಮೇಲೆ ಅದೇ ಒತ್ತಡ, ಅದೇ ಕಚ್ಚು. ಮುಂದೆಷ್ಟು, ಹಿಂದೆಷ್ಟು ಎಂಬುದನ್ನು ನಿರ್ಧರಿಸುವವು ಗಾಲಿಯ ಸಿಲಿಂಡರುಗಳ ಅಳತೆ, ಶೂಗಳ ಜೋಡಣೆ, ಡ್ರಮ್ಮಿನ ಅಳತೆ ಮತ್ತು ಲೈನರಿನ ಗುಣ. ಅಂಬಾಸಿಡರಿನ ಡ್ರಮ್ ಬ್ರೇಕಿನಲ್ಲಿ ಮುಂದಿನ ಒಂದೊಂದು ಗಾಲಿಗೂ ಎರಡೆರಡು ಸಿಲಿಂಡರುಗಳು. ಕಾರು ಮುಂದೆ ಸಾಗುವಾಗ ತಿರುಗುವ ಡ್ರಮ್ಮೇ ಎರಡೂ ಶೂಗಳನ್ನು ಒಳಕ್ಕೆ ಸೆಳೆದು ಹಿಡಿತವನ್ನು ಹೆಚ್ಚಿಸುತ್ತದೆ. ಹಿಂದೆ ಒಂದೇ ಸಿಲಿಂಡರು. ಒಂದು ಶೂವಿಗೆ ಮಾತ್ರ ಈ ಸಹಾಯ. ಎರಡು ಮುಂದಿನ ಸಿಲಿಂಡರುಗಳ ಪೈಕಿ ಒಂದು ತುಕ್ಕು ಹಿಡಿದು ಕೂತರೆ ಆ ಗಾಲಿಯ ಸುಮಾರು ಅರ್ಧ ಬಲ ಹೋಯಿತೆಂದೇ ತಿಳಿಯಬೇಕು.

ಈಗ ಪರೀಕ್ಷೆಯ ಕ್ರಮ. ವಾಹನ ಸಂಚಾರವಿಲ್ಲದ, ಒಣಗಿದ, ಸಮತಟ್ಟಾದ ಡಾಂಬರು ನೆಲವನ್ನು ಆರಿಸಿಕೊಳ್ಳಬೇಕು. ಮುರಂ ಹಾಸಿದ ನೆಲ ತಪ್ಪು ಉತ್ತರ ಕೊಡುತ್ತದೆ. ನಾಲ್ಕೂ ಟೈರುಗಳ ಅಳತೆ, ಸವೆತ, ಗಾಳಿ ಸರಿಯಿರಲಿ. ಚಾಲಕನೊಬ್ಬನೇ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬಂದು ಗಟ್ಟಿಯಾಗಿ ಬ್ರೇಕು ಒತ್ತಲಿ. ದೂರದಲ್ಲಿ ಪಕ್ಕಕ್ಕೆ ನಿಂತ ಇನ್ನೊಬ್ಬರು ಯಾವ ಗಾಲಿ ಮೊದಲು ನಿಂತಿತೆಂದು ನೋಡಲಿ. ರಸ್ತೆಯ ಮೇಲಿನ ಕಪ್ಪು ಗೆರೆಗಳೂ ಸಾಕ್ಷಿ ಹೇಳುತ್ತವೆ. ಕಾರು ಎಡಕ್ಕೋ ಬಲಕ್ಕೋ ಎಳೆದರೆ ಅದು ಒಂದು ಬದಿಯ ದೋಷ, ಬೇರೆಯ ವಿಷಯ.

ಬಳಿಕ ಕಾರು ಗ್ಯಾರೇಜಿಗೆ. ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ಜಾಕಿಯೊಂದನ್ನೇ ನಂಬದೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕಾರನ್ನು ನಿಲ್ಲಿಸಬೇಕು. ಹ್ಯಾಂಡ್ ಬ್ರೇಕನ್ನು ಪೂರ್ತಿ ಬಿಟ್ಟು ಹಿಂದಿನ ಗಾಲಿಗಳನ್ನು ಕೈಯಿಂದ ತಿರುಗಿಸಿ ನೋಡಿ. ಶೂ ಸವೆದುದನ್ನು ಹ್ಯಾಂಡ್ ಬ್ರೇಕಿನ ಕೇಬಲು ಬಿಗಿದು ಸರಿದೂಗಿಸುವ ಅಭ್ಯಾಸ ಹಲವೆಡೆ ಇದೆ. ಅದರಿಂದ ಹಿಂದಿನ ಶೂಗಳು ಸದಾ ಡ್ರಮ್ಮಿಗೆ ಉಜ್ಜುತ್ತಿದ್ದು, ಕಾದು, ತಟ್ಟನೆ ಕಚ್ಚುತ್ತವೆ. ಹಿಂದಿನ ಆಕ್ಸಲಿನ ಸೀಲು ಸೋರಿ ಲೈನರಿಗೆ ಎಣ್ಣೆ ತಗುಲಿದೆಯೇ ಎಂಬುದನ್ನೂ ನೋಡಬೇಕು. ಎಣ್ಣೆ ಕುಡಿದ ಲೈನರು ಒಮ್ಮೆ ಜಾರುತ್ತದೆ, ಒಮ್ಮೆ ಹಿಡಿದುಬಿಡುತ್ತದೆ. ಅದನ್ನು ತೊಳೆದು ಮತ್ತೆ ಹಾಕುವುದು ವ್ಯರ್ಥ.

ಆಮೇಲೆ ಮುಂದಿನ ಡ್ರಮ್ಮುಗಳನ್ನು ಬಿಚ್ಚಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುವುದುಂಟು; ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಗಾಳಿಯಿಂದ ಊದದೆ, ಒದ್ದೆ ಬಟ್ಟೆಯಿಂದ ಒರೆಸಬೇಕು. ನಾಲ್ಕು ಸಿಲಿಂಡರುಗಳ ಪಿಸ್ಟನ್ನುಗಳೂ ಸಲೀಸಾಗಿ ಚಲಿಸುತ್ತವೆಯೇ? ಲೈನರು ಗಾಜಿನಂತೆ ಹೊಳೆಯುತ್ತಿದೆಯೇ? ಎಡ ಬಲದ ಭಾಗಗಳು ಅದಲು ಬದಲಾಗಿವೆಯೇ? ಹಳೆಯ ರಬ್ಬರ್ ಹೋಸು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಉಬ್ಬಿ ಆಯಿಲಿನ ದಾರಿಯನ್ನು ಮುಚ್ಚಿರಬಹುದು. ವಯಸ್ಸಾಗಿದ್ದರೆ ಬದಲಾಯಿಸುವುದೇ ಲೇಸು.

ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಹೀಗಾಗಿ “ಕೂರುತ್ತದೆ” ಎಂಬ ಒಂದೇ ಕಾರಣಕ್ಕೆ ಬೇರೊಂದು ಅಳತೆಯ ಸಿಲಿಂಡರನ್ನು ಹಾಕಿಬಿಡುವ ಸಂಭವವುಂಟು. 3/4 ಅಂಗುಲದ ಜಾಗದಲ್ಲಿ 7/8 ಅಂಗುಲದ ಸಿಲಿಂಡರು ಬಂದರೆ ಕಣ್ಣಿಗೆ ವ್ಯತ್ಯಾಸ ಕಾಣದು. ಆದರೆ ಬಲ ನೂರಕ್ಕೆ 36ರಷ್ಟು ಹೆಚ್ಚುತ್ತದೆ. ಹಿಂದೆ ಹೀಗಾಗಿದ್ದರೆ ಬೇರೆ ಕಾರಣವನ್ನೇ ಹುಡುಕಬೇಕಾಗಿಲ್ಲ. ಸಿಲಿಂಡರಿನ ಮೇಲೆ ಅಚ್ಚಾದ ಅಳತೆಯನ್ನು ಕಾರಿನ ಕೈಪಿಡಿಯೊಂದಿಗೆ ಹೋಲಿಸಿ ನೋಡಿ.

ದುರಸ್ತಿಯೆಂದರೆ ಹಿಂದಿನದನ್ನು ಕುಗ್ಗಿಸುವುದಲ್ಲ, ತಯಾರಕರು ಕೊಟ್ಟ ಸ್ಥಿತಿಗೆ ಎಲ್ಲವನ್ನೂ ಮರಳಿಸುವುದು. ಸರಿಯಾದ ಅಳತೆಯ ಸಿಲಿಂಡರು, ನಾಲ್ಕೂ ಗಾಲಿಗಳಿಗೆ ಒಂದೇ ದರ್ಜೆಯ ಲೈನರು, ಹೊಸ ಬ್ರೇಕ್ ಆಯಿಲು. ಎಂಜಿನ್ ಆಯಿಲು ಒಂದು ತೊಟ್ಟೂ ಬೆರೆಯಬಾರದು. ರಬ್ಬರು ಉಬ್ಬಿ ಹಾಳಾಗುತ್ತದೆ. ಶೂಗಳನ್ನು ಗಾಲಿ ತಿರುಗದಷ್ಟು ಬಿಗಿದು, ಸಲೀಸಾಗಿ ತಿರುಗುವಷ್ಟು ಮಾತ್ರ ಹಿಂದಕ್ಕೆ ಬಿಡಬೇಕು; ಮುಂದಿನ ಎರಡೆರಡು ಶೂಗಳನ್ನೂ ಬೇರೆ ಬೇರೆಯಾಗಿ ಹೊಂದಿಸಬೇಕು. ಅನಂತರ ಗಾಳಿ ತೆಗೆಯುವುದು. ಹ್ಯಾಂಡ್ ಬ್ರೇಕಿನ ಕೇಬಲಿಗೆ ಕೈಹಾಕುವುದು ಕಟ್ಟಕಡೆಗೆ. ಪೆಡಲು ಹಗುರಾಗಲೆಂದು ಬೂಸ್ಟರ್ ಜೋಡಿಸುವವರುಂಟು. ಅದು ಎರಡೂ ಕಡೆಯ ಬಲವನ್ನು ಸಮನಾಗಿ ಹೆಚ್ಚಿಸುತ್ತದೆ. ತಪ್ಪಿದ ಸಮತೋಲವನ್ನು ತಿದ್ದುವುದಿಲ್ಲ.

ಕೆಲಸ ಮುಗಿದ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ, ಮುಂದಿನ ಗಾಲಿಗಳು ಮೊದಲು ಕಚ್ಚುವುದನ್ನು ಕಣ್ಣಾರೆ ಕಂಡು ಹಣ ಕೊಡಿ. ನೀರಿನಲ್ಲಿ ಗಾಲಿ ಮುಳುಗಿದಾಗ ಕೆಲವು ಮಾರು ದೂರ ಮೆಲ್ಲಗೆ ಸಾಗುತ್ತ ಪೆಡಲನ್ನು ಹಗುರಾಗಿ ಒತ್ತಿ ಡ್ರಮ್ಮುಗಳನ್ನು ಒಣಗಿಸಿಕೊಳ್ಳಿ. ಇನ್ನೊಂದು ಮಾತು: ಔರಾದಿನ ಅಮರೇಶ್ವರ ದರ್ಶನಕ್ಕೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೋಗುವಾಗ ಹಿಂದಿನ ಗಾಲಿಗಳ ಮೇಲೆ ಭಾರವಿದ್ದು, ದೋಷ ಮರೆಯಾಗಿರುತ್ತದೆ. ಅವರನ್ನು ಇಳಿಸಿ ಒಬ್ಬರೇ ಮರಳುವಾಗ ಅದು ತಲೆಯೆತ್ತುತ್ತದೆ. ಹೋಗುವಾಗ ಸರಿಯಿತ್ತೆಂಬ ನಂಬಿಕೆಯಲ್ಲಿ ಬರುವಾಗ ವೇಗ ಹೆಚ್ಚಿಸಬೇಡಿ.