ಅಮ್ಮನ ನಿದ್ದೆಗೂ ಒಂದು ಲೆಕ್ಕವಿರಲಿ

ಸೋದರಿಯರೇ, ನಿನ್ನೆ ರಾತ್ರಿ ನೀವು ಎಷ್ಟು ಹೊತ್ತು ನಿದ್ದೆ ಮಾಡಿದಿರಿ? ಮಗು ಎಷ್ಟು ಸಲ ಎದ್ದಿತು, ಪರೀಕ್ಷೆಗೆ ಓದುವ ಮಗ ಎಷ್ಟಕ್ಕೆ ಮಲಗಿದ, ಮಾವನವರಿಗೆ ನಿದ್ದೆ ಹತ್ತಿತೋ ಇಲ್ಲವೋ ಎಂದು ಕೇಳಿದರೆ ಥಟ್ಟನೆ ಹೇಳಿಬಿಡುತ್ತೀರಿ. ನಿಮ್ಮದನ್ನು ಕೇಳಿದರೆ ಮಾತ್ರ, “ಅಯ್ಯೋ, ಅದನ್ನೆಲ್ಲ ಯಾರು ಲೆಕ್ಕ ಇಡ್ತಾರೆ?” ಎಂದು ನಕ್ಕುಬಿಡುತ್ತೀರಿ, ಅಲ್ಲವೇ? ಈ ಸಲ ಆ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಎಲ್ಲರ ಊಟವಾಗಿ, ಒಲೆಕಟ್ಟೆ ಒರೆಸಿ, ಬೆಳಗಿನ ದೋಸೆಗೆ ಹಿಟ್ಟು ರುಬ್ಬಿಟ್ಟು, ಹಾಲಿಗೆ ಹೆಪ್ಪು ಹಾಕಿ ಮಲಗುವಾಗ ಹನ್ನೊಂದು ದಾಟಿರುತ್ತದೆ. ನಡುರಾತ್ರಿ ಮಗು ಅಳುತ್ತದೆ, ಇಲ್ಲವೇ ಅತ್ತೆಯವರು ಬಚ್ಚಲಿಗೆ ಏಳುತ್ತಾರೆ. ನೀರು ಬಿಡುವ ದಿನವಾದರಂತೂ ನಲ್ಲಿಯ ಸದ್ದಿಗೆ ಕಿವಿ ಕೊಟ್ಟೇ ಮಲಗಬೇಕು. ಐದಕ್ಕೆ ಮತ್ತೆ ಎದ್ದು ಬಾಗಿಲಿಗೆ ನೀರು, ರಂಗೋಲಿ. ಮಧ್ಯಾಹ್ನ ಹತ್ತು ನಿಮಿಷ ಅಡ್ಡಾದರೆ, “ಏನು, ಹಗಲು ಹೊತ್ತೇ ನಿದ್ದೆಯಾ?” ಎಂಬ ಮಾತು ಬೇರೆ.

2019ರಲ್ಲಿ ಕೇಂದ್ರ ಸರ್ಕಾರ, ನಮ್ಮ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಕೈಹಾಕಿದ ಗಂಡಸರು ಕೊಟ್ಟದ್ದು 97 ನಿಮಿಷ. ಆ ಹೆಚ್ಚಿನ ಹೊತ್ತು ಎಲ್ಲಿಂದ ಬರಬೇಕು? ಎಷ್ಟೋ ಮನೆಗಳಲ್ಲಿ ಅದು ಹೆಂಗಸರ ನಿದ್ದೆಯಿಂದಲೇ ಬರುತ್ತದೆ.

ನಿದ್ದೆಯೆಂದರೆ ಮೆದುಳಿಗೆ ರಜೆ ಎಂದು ನಾವು ತಿಳಿದಿದ್ದೇವೆ. ಹಾಗಲ್ಲ. ಸಂತೆಯಿಂದ ತಂದ ಸಾಮಾನನ್ನು ಆರಿಸಿ ಡಬ್ಬಿಗಳಿಗೆ ತುಂಬಿದ ಹಾಗೆ, ಹಗಲು ಕಂಡದ್ದು ಕಲಿತದ್ದರಲ್ಲಿ ಉಳಿಯಬೇಕಾದುದನ್ನು ಮೆದುಳು ಗಾಢನಿದ್ದೆಯಲ್ಲಿ ಭದ್ರಪಡಿಸುತ್ತದೆ. ಇನ್ನೊಂದು ಮುಸುರೆ ತಿಕ್ಕುವ ಕೆಲಸ. ದುಡಿಯುವ ಮೆದುಳಿನಲ್ಲಿ ಬೀಟಾ ಅಮಿಲಾಯ್ಡ್ ಎಂಬ ಪ್ರೊಟೀನು ಹುಟ್ಟುತ್ತಿರುತ್ತದೆ. ಆಲ್ಜೈಮರ್ ಎಂಬ ಮರೆವಿನ ರೋಗ ಬಂದವರ ಮೆದುಳಿನಲ್ಲಿ ಹೆಪ್ಪುಗಟ್ಟಿರುವುದು ಇದೇ. 2013ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಮೈಕೆನ್ ನೆಡರ್‌ಗಾರ್ಡ್ ಮತ್ತು ಅವರ ಸಂಗಡಿಗರು, ಇಲಿಗಳು ನಿದ್ರಿಸುವಾಗ ಮೆದುಳಿನ ಜೀವಕೋಶಗಳ ನಡುವಣ ಜಾಗ ಸುಮಾರು ಶೇಕಡಾ 60ರಷ್ಟು ಹಿಗ್ಗಿ, ಈ ಕಸ ಬೇಗ ತೊಳೆದುಹೋಗುವುದನ್ನು ಕಂಡರು. 2024ರಲ್ಲಿ ಲಂಡನ್ನಿನ ವಿಜ್ಞಾನಿಗಳಿಗೆ ಇಲಿಗಳಲ್ಲೇ ಇದಕ್ಕೆ ವಿರುದ್ಧವಾದದ್ದು ಕಂಡಿತು. ತೊಳೆಯುವ ಬಗೆ ಯಾವುದೆಂಬ ವಾದ ಮುಗಿದಿಲ್ಲ. ಆದರೆ 2018ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಆರೋಗ್ಯವಂತರಾದ 20 ಮಂದಿಯನ್ನು ಒಂದೇ ಒಂದು ರಾತ್ರಿ ನಿದ್ದೆಗೆಡಿಸಿದ್ದಕ್ಕೆ, ಅವರ ಮೆದುಳಿನಲ್ಲಿ ಆ ಪ್ರೊಟೀನು ಹೆಚ್ಚಿದ್ದು ಕಂಡುಬಂತು.

“ಅರವತ್ತಕ್ಕೆ ಅರಳು ಮರಳು” ಎಂದು ಗಾದೆ. ಮುಪ್ಪಿನಲ್ಲಿ ಕಾಣುವ ಮರೆವಿನ ರೋಗ ಮಾತ್ರ ಮೆದುಳಿನಲ್ಲಿ ಹದಿನೈದು ಇಪ್ಪತ್ತು ವರ್ಷ ಮೊದಲೇ ಸದ್ದಿಲ್ಲದೆ ಶುರುವಾಗಿರುತ್ತದೆ. ಬ್ರಿಟನ್ನಿನಲ್ಲಿ 8,000ದಷ್ಟು ಸರ್ಕಾರಿ ನೌಕರರನ್ನು ಸುಮಾರು 25 ವರ್ಷ ಗಮನಿಸಿ 2021ರಲ್ಲಿ ಒಂದು ವರದಿ ಬಂತು. 50, 60, 70ರ ವಯಸ್ಸಿನಲ್ಲಿ ಸತತವಾಗಿ ಆರು ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಿದವರಿಗೆ, ಏಳು ಗಂಟೆ ಮಲಗಿದವರಿಗಿಂತ ಮರೆವಿನ ರೋಗದ ಸಂಭವ ಶೇಕಡಾ 30ರಷ್ಟು ಹೆಚ್ಚಿತ್ತು. ಹೆದರಬೇಡಿ. ಉದಾಹರಣೆಗೆ, ಚೆನ್ನಾಗಿ ಮಲಗುವ ನೂರು ಮಂದಿಯಲ್ಲಿ ಹತ್ತು ಮಂದಿಗೆ ಬರುವುದಾದರೆ, ಕಡಿಮೆ ಮಲಗುವ ನೂರರಲ್ಲಿ ಹದಿಮೂರು ಎಂದು ಅರ್ಥ. ರೋಗವೇ ಮೊದಲು ಬಂದು ನಿದ್ದೆ ಕೆಡಿಸುವುದೂ ಉಂಟು. ಎಳೆಮಗುವಿಗಾಗಿ ಎರಡು ವರ್ಷ ನಿದ್ದೆಗೆಟ್ಟ ಮಾತ್ರಕ್ಕೆ ಯಾರಿಗೂ ಮರುಳು ಹಿಡಿಯುವುದಿಲ್ಲ. ವರ್ಷಗಟ್ಟಲೆ ನಿದ್ದೆಯನ್ನು ಬೇಡದ ವಸ್ತುವಿನಂತೆ ಎಸೆಯಬಾರದು, ಅಷ್ಟೇ.

ಹಾಗಾದರೆ ಏನು ಮಾಡೋಣ? ದಿನವೂ ಏಳುವ ಹೊತ್ತು ಒಂದೇ ಇರಲಿ. ಏಳು ಗಂಟೆ ಹಿಂದಕ್ಕೆ ಎಣಿಸಿ ಮಲಗುವ ಹೊತ್ತು ಗೊತ್ತುಮಾಡಿ. ಸಂಜೆ ನಾಲ್ಕರ ಮೇಲೆ ಕಾಫಿ ಬೇಡ. ಕುಡಿದ ಐದು ಗಂಟೆಯ ನಂತರವೂ ಅದರ ಅರ್ಧ ಸತ್ವ ಮೈಯಲ್ಲಿರುತ್ತದೆ. ರಾತ್ರಿ ನಿದ್ದೆಗೆಟ್ಟಿದ್ದರೆ ಮಧ್ಯಾಹ್ನ ಅರ್ಧ ಗಂಟೆ ಮಲಗಿ, ಅದು ಸೋಮಾರಿತನವಲ್ಲ. ಮೊಬೈಲು ಹಾಸಿಗೆಗೆ ಬರುವುದು ಬೇಡ.

ಮುಖ್ಯವಾದ ಮಾತು ಇನ್ನು ಮುಂದಿದೆ. ನಿದ್ದೆಗೆಡುವ ಕೆಲಸವನ್ನು ಹಂಚಿಕೊಳ್ಳಿ. ನೀರು ಬಿಡುವ ರಾತ್ರಿ ಒಂದು ಸಲ ನೀವೆದ್ದರೆ ಮುಂದಿನ ಸಲ ಮನೆಯವರು ಏಳಲಿ. ಬೆಳೆದ ಮಗ ಅಜ್ಜನಿಗೆ ರಾತ್ರಿಯ ಮಾತ್ರೆ ಕೊಡಬಾರದೇ? “ಅವರಿಗೆ ಬೆಳಗ್ಗೆ ಆಫೀಸಿದೆ” ಎನ್ನುತ್ತೀರಿ. ನಿಮಗೂ ಬೆಳಗ್ಗೆ ಅಡುಗೆಮನೆಯಿದೆ.

ಕೆಲವು ಸಂಗತಿಗಳಿಗೆ ಮನೆಮದ್ದು ಸಾಲದು. ಜೋರಾಗಿ ಗೊರಕೆ ಬಂದು, ನಡುನಡುವೆ ಉಸಿರು ನಿಂತಂತಾಗಿ ಗಕ್ಕನೆ ಎಚ್ಚರವಾಗುವುದು ಸ್ಲೀಪ್ ಆಪ್ನಿಯ ಎಂಬ ಕಾಯಿಲೆ ಇರಬಹುದು. ಮುಟ್ಟು ನಿಂತ ಮೇಲೆ ಇದು ಹೆಂಗಸರಲ್ಲಿ ಹೆಚ್ಚು. “ಹೆಂಗಸು ಗೊರಕೆ ಹೊಡೆಯುತ್ತಾಳೆ ಅಂತ ಡಾಕ್ಟರಿಗೆ ಹೇಗೆ ಹೇಳೋದು?” ಎಂದು ನಾಚಬೇಡಿ, ಅದಕ್ಕೆ ಪರೀಕ್ಷೆಯೂ ಉಂಟು, ಚಿಕಿತ್ಸೆಯೂ ಉಂಟು. ಮಲಗಿದೊಡನೆ ಕಾಲು ತಡೆಯಲಾರದಷ್ಟು ಚಡಪಡಿಸಿದರೆ ಕಬ್ಬಿಣದ ಅಂಶ ಕಡಿಮೆಯಿರಬಹುದು. ರಕ್ತ ಪರೀಕ್ಷೆ ಮಾಡಿಸಿ. ಪಕ್ಕದ ಮನೆಯವರು ಹೇಳಿದರೆಂದು ಔಷಧಿ ಅಂಗಡಿಯಿಂದ ನಿದ್ದೆ ಮಾತ್ರೆ ಮಾತ್ರ ತರಬೇಡಿ. ಅದು ಚಟವಾಗುತ್ತದೆ, ನೆನಪನ್ನು ಮಂಕಾಗಿಸುತ್ತದೆ, ವಯಸ್ಸಾದವರನ್ನು ಬೀಳಿಸುತ್ತದೆ. ಈಗಾಗಲೇ ನುಂಗುತ್ತಿದ್ದರೆ ಒಮ್ಮೆಲೇ ಬಿಡದೆ, ವೈದ್ಯರನ್ನು ಕೇಳಿ ಮೆಲ್ಲಗೆ ಬಿಡಿ.

“ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ” ಎಂಬ ಗಾದೆ ನಮ್ಮ ಪಾಲಿಗೆ ಬಂದದ್ದಲ್ಲ. ಸಂಸಾರವೆಂದ ಮೇಲೆ ಚಿಂತೆ ಇದ್ದದ್ದೇ. ಆದರೆ ಮಕ್ಕಳ ಬಾಲ್ಯ, ಮನೆಯ ಹಬ್ಬ ಹರಿದಿನ, ಯಾರಿಗೆ ಯಾವ ಪಲ್ಯ ಇಷ್ಟ ಎಂಬ ನೆನಪೆಲ್ಲ ತುಂಬಿರುವುದು ನಿಮ್ಮ ತಲೆಯಲ್ಲಿ ತಾನೇ? ಆ ತಲೆಗೆ ರಾತ್ರಿ ಏಳು ಗಂಟೆ ಬಿಡುವು ಸಿಗಬೇಕು. ಈ ಪುಟ ಓದಿ ಮುಗಿಸಿದ ಮೇಲೆ ಕೆಳಗಿಡಬೇಡಿ, ಮನೆಯವರ ಕೈಗೂ ಕೊಡಿ.