ಅಮ್ಮನ ಕೈರುಚಿ ಎಂಬ ಸೋಮಾರಿತನ

ನಮ್ಮ ಕನ್ನಡ ಬ್ಲಾಗಿಗರಿಗೆ ಒಂದು ಖಾಯಿಲೆ ಇದೆ. ಬೈಯೋಕೆ ಮುಂಚೆ ಹೇಳಿಬಿಡ್ತೀನಿ, ನನಗೂ ಇತ್ತು. ಮಳೆ ಬಂದರೆ ಸಾಕು, ಅಮ್ಮ ಮಾಡ್ತಿದ್ದ ಬಿಸಿಬಿಸಿ ಸಾರು ನೆನಪಾಗುತ್ತೆ. ಊರಿಂದ ಬಸ್ಸು ಹತ್ತಿದರೆ ಅಮ್ಮ ಕಟ್ಟಿಕೊಟ್ಟ ಬುತ್ತಿ ನೆನಪಾಗುತ್ತೆ. ಕೊನೆಗೆ "ಎಷ್ಟು ದೊಡ್ಡ ಹೋಟೆಲ್ಲಿಗೆ ಹೋದರೂ ಆ ಕೈರುಚಿ ಸಿಗೋಲ್ಲ" ಅಂತ ಒಂದು ನಿಟ್ಟುಸಿರು. ಕೆಳಗೆ ಸಾಲಾಗಿ ಕಾಮೆಂಟು, "ಓದಿ ಕಣ್ಣಲ್ಲಿ ನೀರು ಬಂತು" ಅಂತ.

ಸರಿ ಸ್ವಾಮೀ, ಕಣ್ಣೊರೆಸಿಕೊಳ್ಳಿ. ಒಂದೇ ಪ್ರಶ್ನೆ. ನಿನ್ನೆ ರಾತ್ರಿ ನಿಮ್ಮನೆಯಲ್ಲಿ ಅಡುಗೆ ಮಾಡಿದ್ದು ಯಾರು?

ನನ್ನ ಕಥೆ ಹೇಳ್ತೀನಿ. ಕಳೆದ ವರ್ಷ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ಒಲೆ ಮುಂದೆ ನಿಲ್ಲಬೇಡಿ, ಹೊಗೆ ತಾಗಿಸಬೇಡಿ ಅಂತ ಡಾಕ್ಟರು ಹೇಳಿದ್ದರು. ರೆಸ್ಟ್ ಆಗಲಿ ಅಂತ ಬೆಂಗಳೂರಿನ ನನ್ನ ಮನೆಗೆ ಕರ್ಕೊಂಡು ಬಂದೆ. ಮೂರನೇ ದಿನ ಸಂಜೆ ಹಾಲಿನಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡು ಕೂತಿದ್ದೆ. ಬರೀತಾ ಇದ್ದದ್ದು ಏನು ಗೊತ್ತಾ? ಅಮ್ಮನ ಸಾರಿನ ಬಗ್ಗೆ ಒಂದು ಭಾವುಕ ಬರಹ! ಒಗ್ಗರಣೆ ಚಟಪಟ ಅಂತು. ತಲೆ ಎತ್ತಿ ನೋಡಿದರೆ ಅಡುಗೆಮನೇಲಿ ಅಮ್ಮ, ಕಪ್ಪು ಕನ್ನಡಕ ಹಾಕ್ಕೊಂಡು, ಒಲೆ ಮುಂದೆ.

"ನೀನೇನು ಮಾಡ್ಕೊಳ್ತೀಯೋ, ಹೋಟೆಲಿಂದ ತರಿಸ್ತೀಯ ಅಷ್ಟೇ" ಅಂದರು. ಬೈದಿದ್ದಲ್ಲ, ಇದ್ದದ್ದನ್ನ ಹೇಳಿದ್ದು. ಆ ಬರಹ ಅಲ್ಲೇ ಡಿಲೀಟ್ ಆಯ್ತು.

ಮಾರನೇ ದಿನದಿಂದ ಅಮ್ಮನನ್ನ ಕುರ್ಚಿ ಮೇಲೆ ಕೂರಿಸಿ ನಾನೇ ಶುರು ಮಾಡಿದೆ. ಮೊದಲ ದಿನ ಬುದ್ಧಿವಂತಿಕೆ ತೋರಿಸಿ ತೊಗರಿಬೇಳೆ ಜೊತೆಗೇ ಹುಣಸೆಹಣ್ಣು ಹಾಕಿ ಕೂಗಿಸಿದೆ. ಬೇಳೆ ಬೇಯಲೇ ಇಲ್ಲ. ಹುಳಿ ಬಿದ್ದರೆ ಬೇಳೆ ಬೇಯೋಲ್ಲ ಅನ್ನೋದು ಇಂಜಿನಿಯರಿಂಗ್ ಡಿಗ್ರಿ ಇರೋ ನನಗೆ ಗೊತ್ತಿರಲಿಲ್ಲ, ಪಿಯುಸಿ ಮುಗಿಸದ ಅಮ್ಮನಿಗೆ ಗೊತ್ತಿತ್ತು.

ಈಗ "ಟೈಮ್ ಎಲ್ಲಿದೆ ಮಾರಾಯ?" ಅನ್ನೋರಿಗೆ ಲೆಕ್ಕ ಕೊಡ್ತೀನಿ. ಮೊನ್ನೆ ಮಂಗಳವಾರ ಹಾಪ್‌ಕಾಮ್ಸ್‌ನಲ್ಲಿ ತರಕಾರಿ ತಗೊಂಡು ಮನೆಗೆ ಬಂದೆ.

7:30ಕ್ಕೆ ಒಂದು ಹಿಡಿ ಹೆಸರುಬೇಳೆ ನೆನೆಹಾಕಿದೆ, ಅಕ್ಕಿ, ತೊಗರಿಬೇಳೆ ತೊಳೆದೆ. ಕುಕ್ಕರಿನ ಕೆಳಗಿನ ಡಬ್ಬಿಗೆ ಬೇಳೆ, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ. ಮೇಲಿನದಕ್ಕೆ ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು. ಅದು ಕೂಗೋ ಹೊತ್ತಿಗೆ ಕಾಲು ಕೆಜಿ ಹುರುಳಿಕಾಯಿ ಹೆಚ್ಚಿದೆ. ಪಕ್ಕದ ಒಲೇಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು ಒಗ್ಗರಣೆಗೆ ಹಾಕಿ, ಹುರುಳಿಕಾಯಿ, ಉಪ್ಪು ಸೇರಿಸಿ, ನೀರು ಚಿಮುಕಿಸಿ ಮುಚ್ಚಿದೆ. ನಾಲ್ಕು ಕೂಗು ಆದಮೇಲೆ ಕುಕ್ಕರ್ ಇಳಿಸಿ, ಅದೇ ಒಲೆ ಮೇಲೆ ಟೊಮೆಟೊ, ಹುಣಸೆರಸ, ಸಾರಿನಪುಡಿ, ಚೂರು ಬೆಲ್ಲ ಕುದಿಯೋಕಿಟ್ಟೆ. ಕುಕ್ಕರ್ ತಣಿಯುವಷ್ಟರಲ್ಲಿ ಸೌತೆಕಾಯಿ ಹೆಚ್ಚಿ, ಕಾಯಿ ತುರಿದಾಯ್ತು. ಬೇಳೆ ಮಸೆದು ಸಾರಿಗೆ ಸೇರಿಸಿ ಒಂದು ಕುದಿ, ಮೇಲೆ ತುಪ್ಪದಲ್ಲಿ ಜೀರಿಗೆ ಇಂಗಿನ ಒಗ್ಗರಣೆ. ಪಲ್ಯಕ್ಕೆ ಕಾಯಿತುರಿ. ನೆನೆದ ಹೆಸರುಬೇಳೆಗೆ ಸೌತೆಕಾಯಿ, ಕಾಯಿ, ನಿಂಬೆರಸ ಹಾಕಿ ಕೋಸಂಬರಿ. ಅದಕ್ಕೆ ಉಪ್ಪು ತಟ್ಟೆ ಹಾಕೋ ಹೊತ್ತಿಗೇ, ಇಲ್ಲಾಂದ್ರೆ ನೀರು ಬಿಟ್ಕೊಳ್ಳುತ್ತೆ.

8:20ಕ್ಕೆ ಕೋಸಂಬರಿ, ಪಲ್ಯ, ಅನ್ನ, ಸಾರು, ಕೊನೆಗೆ ಮಜ್ಜಿಗೆ. ಐವತ್ತು ನಿಮಿಷ! ಆ್ಯಪ್ ತೆಗೆದು, ಯಾವ ಹೋಟೆಲು ಅಂತ ಚರ್ಚೆ ಮಾಡಿ, ಆರ್ಡರ್ ಮಾಡಿ, ದಾರಿ ತಪ್ಪಿದ ಹುಡುಗನಿಗೆ ಫೋನಲ್ಲಿ ದಾರಿ ಹೇಳೋಕೆ ನಿಮಗೆ ಇದಕ್ಕಿಂತ ಕಡಿಮೆ ಹಿಡಿಯುತ್ತಾ? ಆಫೀಸಿನಲ್ಲಿ ಒಟ್ಟೊಟ್ಟಿಗೆ ನಾಲ್ಕು ಕೆಲಸ ನಡೆಸೋ ನಮಗೆ ಎರಡು ಒಲೆ ನಿಭಾಯಿಸೋಕೆ ಬರೋಲ್ಲ ಅಂದರೆ ನಂಬೋದು ಹೇಗೆ?

ಪಿಜಿಯಲ್ಲಿ ಇರೋರು, ರಾತ್ರಿ ಪಾಳಿಯವರು, ಕೂಸು ಎತ್ಕೊಂಡು ಒದ್ದಾಡ್ತಿರೋರು, ನಿಮಗಲ್ಲ ಇದು. ಅಡುಗೆಮನೆ ಇದ್ದು, ಎರಡು ಕೈ ಇದ್ದು, ರಾತ್ರಿ ಒಂದೂವರೆ ಗಂಟೆ ಫೋನು ಉಜ್ಜೋಕೆ ಟೈಮ್ ಇರೋ ನನ್ನಂಥವರಿಗೆ.

"ಆದರೆ ಅಮ್ಮನ ಕೈರುಚಿ ನಮಗೆ ಬರಲ್ಲ" ಅಂತೀರಿ. ನನ್ನ ಸಿಟ್ಟೆಲ್ಲ ಇರೋದೇ ಈ ಮಾತಿನ ಮೇಲೆ. ಕೈರುಚಿ ಅನ್ನೋದು ವರ ಅಲ್ಲ ಮಾರಾಯ್ರೆ, ಮೂವತ್ತು ವರ್ಷ ದಿನಾ ಮಾಡಿದ ಕೆಲಸ. ಅದನ್ನ ಪವಾಡ ಅಂತ ಕರೆದ ಕೂಡಲೇ ನಮಗೆ ಕಲಿಯೋ ಜವಾಬ್ದಾರಿ ತಪ್ಪುತ್ತೆ. ಅಮ್ಮನಿಗೆ ರಜೆಯೂ ತಪ್ಪುತ್ತೆ. ಹೊಗಳಿಕೆ ಅಂತ ನಾವು ಕೊಡ್ತಿರೋದು ಖರ್ಚಿಲ್ಲದ ಸಂಬಳ.

ಇದು ನಮ್ಮನೆ ಒಂದರ ಕಥೆ ಅಂದ್ಕೋಬೇಡಿ. 2019ರಲ್ಲಿ ಕೇಂದ್ರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ಮಾಡಿತ್ತು. 6 ವರ್ಷ ಮೇಲ್ಪಟ್ಟವರಲ್ಲಿ, ದಿನದಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ನೂರಕ್ಕೆ 81, ಗಂಡಸರು 26. ಹಾಗೆ ಕೈಹಾಕಿದವರಲ್ಲೂ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ. ಆ 299ರೊಳಗೇ ನಮ್ಮ ನಿಮ್ಮ ಕೈರುಚಿ ಬರಹಗಳ ಸಾರು ಕುದೀತಾ ಇರೋದು.

ನಾನೇನು ಗೆದ್ದೆ ಅಂತ ಬೀಗ್ತಿಲ್ಲ. ಆಗ ಅಮ್ಮ ಇದ್ದದ್ದು ಒಂದು ತಿಂಗಳು. ಎರಡನೇ ವಾರ ಸಾರು ಸಾರಿನ ಹಾಗೆ ಆಯ್ತು. ಅಮ್ಮನಿಗೆ ಮೊದಲು ಬಡಿಸಿದೆ. ಅವರು ಬಿಸಿ ಅನ್ನಕ್ಕೆ ಸಾರು ಕಲಸಿ, ಕೂತಲ್ಲೇ, ಎದ್ದು ಓಡಾಡದೆ ಊಟ ಮುಗಿಸಿದರು. ಅವರು ಹಾಗೆ ಉಂಡದ್ದನ್ನ ನಮ್ಮನೆಯಲ್ಲಿ ನಾನು ನೋಡಿದ್ದು ಅದೇ ಮೊದಲು. ನನಗಾಗ ಇಪ್ಪತ್ತೇಳು ವರ್ಷ.

"ಉಪ್ಪು ಚೂರು ಮುಂದು ಕಣೋ" ಅಂದರು, ಅಷ್ಟೇ.

ಹಾಗಾಗಿ ಗೆಳೆಯರೇ, ಮುಂದಿನ ಸಲ ಅಮ್ಮನ ಸಾರಿನ ಬಗ್ಗೆ ಬರೆಯೋಕೆ ಕೈ ತುರಿಸಿದರೆ ಮೊದಲು ಹೋಗಿ ಬೇಳೆ ತೊಳೀರಿ. ಬರಹ ಆಮೇಲೆ ಬರೀಬಹುದು. ಸಿಟ್ಟು ಬಂದಿದ್ದರೆ ಕಾಮೆಂಟಿನಲ್ಲಿ ಧಾರಾಳವಾಗಿ ಬೈಯಿರಿ, ಆದರೆ ನಿನ್ನೆ ರಾತ್ರಿ ಅಡುಗೆ ಮಾಡಿದ್ದು ಯಾರು ಅಂತ ಮೊದಲ ಸಾಲಿನಲ್ಲಿ ಬರೆದು ಆಮೇಲೆ ಬೈಯಿರಿ. ಏನಂತೀರಿ?