ಎಚ್ಚರಿಕೆ ನಿಂತಿತು, ಬೀಗ ಸಡಿಲವಾಯಿತು

ಸಿ ಭಾಷೆಯಲ್ಲಿ ಫಂಕ್ಷನ್‌ನೊಳಗೆ ಒಂದು ವೇರಿಯಬಲ್ ಘೋಷಿಸಿ, ಮೌಲ್ಯ ಕೊಡದೆ ಬಿಟ್ಟರೆ ಅದರಲ್ಲಿ ಏನಿರುತ್ತದೆ? ಸೊನ್ನೆ ಎಂದುಕೊಳ್ಳುವ ಹೊಸಬರೇ ಹೆಚ್ಚು. ಸಾಮಾನ್ಯವಾಗಿ ಅಲ್ಲಿರುವುದು ಮೆಮೊರಿಯ ಆ ಜಾಗವನ್ನು ಮೊದಲು ಬಳಸಿದ ಕೋಡ್ ಬಿಟ್ಟುಹೋದ ಕಸ. ಹಿಂದಿನ ಪೀರಿಯಡ್ಡಿನ ಲೆಕ್ಕ ಒರೆಸದೆ ಉಳಿದ ಕರಿಹಲಗೆಯ ಹಾಗೆ. ಅದನ್ನು ಓದುವ ಪ್ರೋಗ್ರಾಂ ಇವತ್ತು ಸರಿಯಾಗಿ ನಡೆದು ನಾಳೆ ಕೈಕೊಡಬಹುದು. ನಿಲ್ಲದೆ ತಪ್ಪು ಉತ್ತರ ಕೊಡುತ್ತಾ ಹೋದರಂತೂ ಪತ್ತೆ ಇನ್ನೂ ಕಷ್ಟ.

ಜಾವಾ ಇದನ್ನು ಬಾಗಿಲಲ್ಲೇ ತಡೆಯುತ್ತದೆ. ಯಾವುದಾದರೂ ಒಂದು ಕವಲಿನಲ್ಲಿ ಲೋಕಲ್ ವೇರಿಯಬಲ್‌ಗೆ ಮೌಲ್ಯ ಸಿಗದೆ ಹೋಗಬಹುದು ಅನ್ನಿಸಿದರೂ ಕಂಪೈಲರ್ ಒಪ್ಪುವುದಿಲ್ಲ. ಒಮ್ಮೊಮ್ಮೆ ನಿರಪರಾಧಿ ಕೋಡೂ ಸಿಕ್ಕಿಬೀಳುತ್ತದೆ. ಬೇರೆ ಗತಿಯಿಲ್ಲ: ಪ್ರೋಗ್ರಾಂ ಯಾವ ದಾರಿ ಹಿಡಿಯುತ್ತದೆ ಎಂದು ಓಡಿಸದೆಯೇ, ಪ್ರತಿ ಸಲವೂ ತಪ್ಪದೆ ಹೇಳುವ ವಿಧಾನ ಇರಲಾರದೆಂದು ಗಣಿತವೇ ಸಾಬೀತು ಮಾಡಿದೆ.

ಸಿ ಕೋಡಿಗೆ ನೆರವಾಗುವ ವಾಲ್‌ಗ್ರೈಂಡ್ ಎಂಬ ಸಾಧನ ಪ್ರೋಗ್ರಾಂ ಓಡುವಾಗಲೇ ಕಾವಲು ಕಾಯುತ್ತದೆ. ಮೆಮೊರಿಯ ಪ್ರತಿ ಬಿಟ್‌ಗೂ ‘ಇದಕ್ಕೆ ಮೌಲ್ಯ ಬಂದಿದೆಯೇ’ ಎಂಬ ಗುರುತಿಡುತ್ತದೆ. ಕಸವನ್ನು ಬರೀ ನಕಲು ಮಾಡಿದರೆ ಸುಮ್ಮನಿರುತ್ತದೆ, ಗುರುತೂ ನಕಲಿನ ಜೊತೆ ಸಾಗುತ್ತದೆ. ಆ ಕಸವನ್ನು ನಂಬಿ ಒಂದು ‘ಇಫ್’ ತೀರ್ಮಾನವಾಗುವಂಥ ಸಂದರ್ಭಗಳಲ್ಲಿ ಮಾತ್ರ ಕೂಗುತ್ತದೆ. ಜಾಣ ಏರ್ಪಾಡು, ಆದರೆ ಪ್ರೋಗ್ರಾಂ ಬಹಳ ನಿಧಾನವಾಗುತ್ತದೆ. ಆ ಓಟದಲ್ಲಿ ಮುಟ್ಟದ ಕವಲುಗಳ ಬಗ್ಗೆ ಅದಕ್ಕೇನೂ ತಿಳಿಯದು.

ಕೂಗು ಕೇಳಿದವರು ಏನು ಮಾಡುತ್ತಾರೆ ಎಂಬುದು ಬೇರೆ ಪ್ರಶ್ನೆ. 2006ರಲ್ಲಿ ಡೆಬಿಯನ್ ಲಿನಕ್ಸ್‌ನ ಓಪನ್‌ಎಸ್‌ಎಸ್‌ಎಲ್ ವಿಷಯದಲ್ಲಿ ಇಂಥದೇ ಎಚ್ಚರಿಕೆಗಳು ಬಂದವು. ಗೂಢಲಿಪಿ ಕೀಲಿಗಳಿಗೆ ಬೇಕಾದ ಯಾದೃಚ್ಛಿಕ ಸಂಖ್ಯೆ ತಯಾರಿಸುವ ಅದರ ಕೋಡಿನಲ್ಲಿ ಒಂದೇ ತರಹದ ಎರಡು ಸಾಲುಗಳಿದ್ದವು. ಒಂದು, ಮೌಲ್ಯವಿಲ್ಲದ ಜಾಗವನ್ನೂ ಬೇಕೆಂದೇ ಮಿಶ್ರಣಕ್ಕೆ ಸೇರಿಸುತ್ತಿತ್ತು, ತೆಗೆದರೂ ನಷ್ಟವಿರಲಿಲ್ಲ. ಇನ್ನೊಂದು, ಹೊರಗಿನಿಂದ ಬಂದ ನಿಜವಾದ ಯಾದೃಚ್ಛಿಕತೆಯನ್ನು ಬೆರೆಸುವ ಮುಖ್ಯ ಸಾಲು. ಎಚ್ಚರಿಕೆ ನಿಲ್ಲಿಸುವ ಭರದಲ್ಲಿ ಎರಡನ್ನೂ ಕಿತ್ತರು. ಆಮೇಲೆ ಬದಲಾಗುತ್ತ ಉಳಿದದ್ದು ಪ್ರೋಸೆಸ್ ಸಂಖ್ಯೆಯೊಂದೇ, ಅದರ ಮಿತಿ ಸಾಮಾನ್ಯವಾಗಿ 32,768. ಅಂದರೆ ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಯ ಕೀಲಿಗೆ ಇದ್ದ ಸಾಧ್ಯತೆಗಳು ಅಷ್ಟೇ. ಎಲ್ಲವನ್ನೂ ಮೊದಲೇ ತಯಾರಿಸಿ ಪಟ್ಟಿ ಇಟ್ಟುಕೊಳ್ಳಬಹುದು. ವಿಷಯ ಬಹಿರಂಗವಾದದ್ದು 2008ರ ಮೇ 13ರಂದು. ಡೆಬಿಯನ್ ಆಧಾರಿತ ಉಬುಂಟು ಬಳಸುವವರೂ ಕೀಲಿ ಬದಲಿಸಬೇಕಾಯಿತು.

ವಾಲ್‌ಗ್ರೈಂಡ್ ಇಲ್ಲಿ ಸುಳ್ಳು ಹೇಳಿರಲಿಲ್ಲ. ಮೌಲ್ಯ ಬಂದಿಲ್ಲ ಎಂದಷ್ಟೇ ಅದು ಬಲ್ಲದು. ಮರೆವೋ ಉದ್ದೇಶವೋ ಎಂಬುದನ್ನು ಬರೆದವರೇ ಹೇಳಬೇಕು.

ಈಗ ಕ್ಲ್ಯಾಂಗ್, ಜಿಸಿಸಿ ಕಂಪೈಲರ್‌ಗಳಲ್ಲಿ ಮೌಲ್ಯ ಕೊಡದ ಲೋಕಲ್ ವೇರಿಯಬಲ್‌ಗಳಿಗೆಲ್ಲ ಸೊನ್ನೆ ತುಂಬಿಸುವ ಆಯ್ಕೆಯಿದೆ. ಮೆಮೊರಿಯಲ್ಲಿ ಉಳಿದ ಹಳೆಯ ಗುಟ್ಟು ಸೋರುವುದನ್ನು ಅದು ತಡೆಯುತ್ತದೆ, ಸಂತೋಷ. ಆದರೆ ಬಡ್ಡಿದರ ತುಂಬಲು ಮರೆತ ಕಡೆ ಸೊನ್ನೆ ಕೂತರೆ ಸಾಲಕ್ಕೆ ಬಡ್ಡಿಯೇ ಇಲ್ಲ, ವಾಲ್‌ಗ್ರೈಂಡ್‌ಗೆ ಅದು ಸಕ್ರಮ ಮೌಲ್ಯ. ಹೊಸ ಕೋಡಿಗಾದರೆ ಜಾವಾ, ರಸ್ಟ್‌ಗಳ ಹಟಮಾರಿ ಕಂಪೈಲರನ್ನೇ ನಾನು ಆರಿಸುವೆ.